ಬಸ್ಸಿಗೆ ಕಾಯುವವರಿಗೆ ಕಾಲೂರಲು ಜಾಗ ಬೇಕು

ನಡೆದು ಹೋಗುವವನಿಗೂ ರಸ್ತೆಯಲ್ಲಿ ಹಕ್ಕಿದೆ ಎಂದು ಕೊನೆಗೆ ದೇಶದ ಸುಪ್ರೀಂ ಕೋರ್ಟೇ ಹೇಳಬೇಕಾಗಿ ಬಂತು. 2025ರ ಮೇ 14ರಂದು ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಒಂದು ಭಾಗ ಎಂದಿತು. ಫುಟ್‌ಪಾತ್ ಒತ್ತುವರಿಯಾಗದಂತೆ, ವಿಕಲಚೇತನರೂ ಅದರ ಮೇಲೆ ನಡೆಯುವಂತೆ ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಪ್ರಕರಣದಲ್ಲಿ ಇನ್ನೊಂದು ಪೀಠ, 50 ನಗರಗಳ ಫುಟ್‌ಪಾತ್‌ಗಳನ್ನು ಪರಿಶೀಲಿಸಬೇಕು, ಪಾದಚಾರಿಗಳ ಸುರಕ್ಷತೆಗೆ ರಾಜ್ಯಗಳು ಆರು ತಿಂಗಳೊಳಗೆ ನಿಯಮ ಮಾಡಬೇಕು ಎಂದಿತು.

ಒಳ್ಳೆಯ ಆದೇಶಗಳು, ಸ್ವಾಗತಿಸೋಣ. ಆದರೆ 50 ನಗರಗಳ ಪಟ್ಟಿಯಲ್ಲಿ ಹಳ್ಳಿ ಇರುವುದು ಸಾಧ್ಯವೇ ಇಲ್ಲವಲ್ಲ! ನಮ್ಮ ಓದುಗರಲ್ಲಿ ಎಷ್ಟೋ ಮನೆಯವರು ನಗರದ ಫುಟ್‌ಪಾತ್ ಮೇಲೆ ನಡೆಯುವವರಲ್ಲ. ಪಂಚಾಯತ್ ರಸ್ತೆಯಿಂದ ಹೆದ್ದಾರಿಗೆ ಬಂದು, ಡಾಮರಿನ ಅಂಚಿನಲ್ಲಿ ನಿಂತು ಬಸ್ಸಿಗೆ ಕೈ ತೋರಿಸುವವರು. ಕೋರ್ಟಿನ ಮಾತು ಅವರ ಬಳಿಗೆ ಬರುವುದು ಯಾವಾಗ?

ಇದನ್ನು ಯೋಚಿಸುವಾಗ ಚಿಕ್ಕನರಗುಂದದಂಥ ಊರು ನಮ್ಮ ಕಣ್ಣೆದುರು ಬರುತ್ತದೆ. ಕರಾವಳಿಯ ಓದುಗರಿಗೆ ಅದೆಲ್ಲಿದೆ ಅನ್ನಿಸೀತು. ಗದಗ ಜಿಲ್ಲೆಯ ನರಗುಂದ ತಾಲೂಕಿನ ಊರು ಅದು. ನರಗುಂದ ಅಂದರೆ 1858ರಲ್ಲಿ ಬ್ರಿಟಿಷರ ಎದುರು ನಿಂತ ಭಾಸ್ಕರರಾವ್ ಭಾವೆಯ ಸಂಸ್ಥಾನ, 1980ರ ರೈತ ಬಂಡಾಯದ ನೆಲ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ನರಗುಂದವನ್ನು ಹಾದು ಹೋಗುತ್ತದೆ. ಅದೇ ಹೆದ್ದಾರಿ ಈಚೆ ಕಡೆ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಘಟ್ಟ ಇಳಿದು ಅಂಕೋಲಾದಲ್ಲಿ ನಮ್ಮ 66ನ್ನು ಸೇರುತ್ತದೆ. ಹೋಟೆಲು, ಬೇಕರಿ, ಮೀನು ಎಂದು ಘಟ್ಟ ಹತ್ತಿದ ನಮ್ಮವರಿಗೆ ಆ ಸೀಮೆ ತೀರಾ ಅಪರಿಚಿತವೇನೂ ಅಲ್ಲ.

ಅಲ್ಲಿನ ಮಳೆ ಕರಾವಳಿಯ ಮಳೆಯ ಐದರಲ್ಲೊಂದು ಪಾಲೂ ಇಲ್ಲ. ಆದರೂ ಮಳೆಗಾಲದಲ್ಲಿ ನಡೆಯುವ ಕಷ್ಟ ನಮ್ಮದಕ್ಕಿಂತ ಹೆಚ್ಚು. ಕಾರಣ ಕಪ್ಪು ಮಣ್ಣು, ಅಂದರೆ ಅಲ್ಲಿಯವರ ಎರೆ. ಎರಡು ಹನಿ ಬಿದ್ದರೆ ಸಾಕು, ಮಣ್ಣು ಚಪ್ಪಲಿಗೆ ಅಂಟಿ, ಹೆಜ್ಜೆ ಹೆಜ್ಜೆಗೂ ಕಾಲು ಭಾರ ಆಗ್ತಾ ಹೋಗುತ್ತದೆ. ನಮ್ಮ ಕೆಂಪು ಮುರಕಲ್ಲಿನ ನೆಲದಲ್ಲಿ ಮಳೆ ನಿಂತ ಅರ್ಧ ಗಂಟೆಗೆ ನಡೆಯಬಹುದು. ಎರೆಯಲ್ಲಿ ಹಾಗಲ್ಲ, ದಿನಗಟ್ಟಲೆ ಕಾಯಬೇಕು. ಆ ಮಣ್ಣಿನ ಇನ್ನೊಂದು ಗುಣ ಹೇಳಬೇಕು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿದರೆ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಇಂಟರ್‌ಲಾಕ್ ಹಾಸಿದರೆ ಎರಡು ಮಳೆಗಾಲದಲ್ಲಿ ಕಲ್ಲುಗಳು ಒಂದು ಎದ್ದು, ಒಂದು ಕುಸಿದು, ಕಣ್ಣು ಮಂಜಾದವರನ್ನು ಎಡವಿಸಲು ಸಿದ್ಧವಾಗಿ ಕೂರುತ್ತವೆ. ಮೇಲಿನ ಎರೆಯನ್ನು ತೆಗೆದು, ಗರಸು ತುಂಬಿ, ಚೆನ್ನಾಗಿ ಧಮ್ಮಸ್ಸು ಮಾಡಿದ ನಂತರವೇ ಹಾಸಬೇಕು, ನೀರು ಹರಿದು ಹೋಗಲು ಬದಿಯಲ್ಲಿ ಚರಂಡಿಯೂ ಬೇಕು. ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ರಸ್ತೆಯ ಅಂದಾಜುಪಟ್ಟಿಯಲ್ಲಿ ಡಾಮರಿಗೆ ಸಿಗುವ ಮರ್ಯಾದೆ ಬದಿಯ ನಾಲ್ಕಡಿಗೆ ಸಿಗುವುದಿಲ್ಲ. ಗಾಡಿ ಹೋಗುವ ಜಾಗ ಗಟ್ಟಿ, ಜನ ನಿಲ್ಲುವ ಜಾಗ ಕೆಸರು. ಕರಾವಳಿಯಲ್ಲೂ ಅಷ್ಟೇ, ಬಯಲುಸೀಮೆಯಲ್ಲೂ ಅಷ್ಟೇ.

ಡಾಮರು ಮುಗಿಯುವಲ್ಲಿ ಒಂದು ಅಂಚು ಇರುತ್ತದಲ್ಲ, ಅದನ್ನು ಗಮನಿಸಿ. ಪ್ರತಿ ಸಲ ಹೊಸ ಡಾಮರು ಹಾಕಿದಾಗ ರಸ್ತೆ ಒಂದಿಷ್ಟು ಮೇಲೇರುತ್ತದೆ, ಬದಿಯ ಮಣ್ಣು ಮಳೆಗೆ ಕೊಚ್ಚಿಹೋಗಿ ಕೆಳಗಿಳಿಯುತ್ತದೆ. ಕೆಲವು ವರ್ಷಗಳಲ್ಲಿ ಗೇಣುದ್ದದ ಕೊರಕಲು. ಹಿಂದಿನಿಂದ ಲಾರಿ ಹಾರ್ನ್ ಹಾಕಿದರೆ ಮಗುವನ್ನು ಎತ್ತಿಕೊಂಡ ಹೆಂಗಸು ಎಲ್ಲಿಗೆ ಇಳಿಯಬೇಕು? ಕೋಲು ಹಿಡಿದ ಅಜ್ಜ ಎಲ್ಲಿಗೆ ಹಾರಬೇಕು? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಕಾಲ್ನಡಿಗೆಯವರು. ಐವರಲ್ಲಿ ಒಬ್ಬರು ಅಂದರೂ ನಡೆದೀತು. ಇವರು ಯಾವ ವೇಗಮಿತಿಯನ್ನೂ ಮೀರಿದವರಲ್ಲ, ಹೆಲ್ಮೆಟ್ ಮರೆತವರೂ ಅಲ್ಲ.

ನಮ್ಮ ಮನೆಗಳ ಲೆಕ್ಕಕ್ಕೆ ಬರೋಣ. ಬ್ಯಾರಿ ಮನೆಗಳ ಮಕ್ಕಳು ದಿನಕ್ಕೆ ಎರಡು ಸಲ ರಸ್ತೆಗೆ ಇಳಿಯುತ್ತಾರೆ. ಬೆಳಿಗ್ಗೆ ಮದ್ರಸ, ನಂತರ ಶಾಲೆ. ಮಂಜು ಕವಿದ ಚಳಿಗಾಲದ ಮುಂಜಾನೆ, ಕೊಡೆಯೊಳಗೆ ಮುಖವೇ ಕಾಣದ ಜುಲೈ ತಿಂಗಳ ಮುಂಜಾನೆ, ಆರು ವರ್ಷದ ಮಗು ಅಕ್ಕನ ಕೈ ಹಿಡಿದು ಹೋಗುವ ದಾರಿಯನ್ನು ಒಂದು ದಿನ ನಾವೂ ಅದೇ ಹೊತ್ತಿಗೆ ನಡೆದು ನೋಡಬೇಕು. ಒಂದು ಬದಿ ತೋಡು, ಇನ್ನೊಂದು ಬದಿ ಯಾರದೋ ಕಾಂಪೌಂಡಿನ ಗೋಡೆ, ನಡುವೆ ಎರಡು ವಾಹನಕ್ಕೇ ಸಾಲದ ರಸ್ತೆ. ಖಾಸಗಿ ಬಸ್ಸಿಗೋ ಟೈಮಿಂಗ್ ತಪ್ಪಬಾರದು. ಗಂಟೆಗೆ 50 ಕಿಲೋಮೀಟರಿನ ಬದಲು 65ರಲ್ಲಿ ಕಾರು ಬಡಿದರೆ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 15 ಕಿಲೋಮೀಟರ್, ಅಷ್ಟೇ ವ್ಯತ್ಯಾಸ. ಮದ್ರಸದ ಎದುರಿನ ಒಂದು ಉಬ್ಬು, ಅದಕ್ಕೆ ಬಿಳಿ ಬಣ್ಣ, ಒಂದು ಬೋರ್ಡು, ಇಷ್ಟಕ್ಕೆ ಅರ್ಜಿ ಕೊಟ್ಟ ಜಮಾಅತ್‌ಗಳು ಎಷ್ಟಿವೆ?

ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವಂತೆ ನಡೆಯಬೇಕು. ಇದನ್ನು ಮಕ್ಕಳಿಗೆ ಮನೆಯಲ್ಲೂ ಹೇಳಿಕೊಡಿ, ಮದ್ರಸದಲ್ಲೂ ಹೇಳಿಕೊಡಲಿ. ಎಡಬದಿಯಲ್ಲಿ ನಡೆದರೆ ಹಿಂದಿನಿಂದ ಬರುವುದು ಗೊತ್ತೇ ಆಗುವುದಿಲ್ಲ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಬಸ್ ತಂಗುದಾಣದ ವಿಷಯ. ಕರಾವಳಿಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ತೀರಿಹೋದ ತಂದೆಯ ಹೆಸರಲ್ಲಿ ಮಕ್ಕಳು, ಊರಿನ ಯುವಕರ ಸಂಘ, ಗಲ್ಫಿನಲ್ಲಿರುವ ಊರವರ ಕೂಟ ಸೇರಿ ಬಸ್ ತಂಗುದಾಣ ಕಟ್ಟಿಸುತ್ತಾರೆ. ಇದು ಎಲ್ಲ ಸಮುದಾಯಗಳಲ್ಲೂ ಇದೆ. ನಮ್ಮವರಿಗೆ ಇದು ಸದಕಾ ಜಾರಿಯಾ, ಕಟ್ಟಿಸಿದವರು ಹೋದ ನಂತರವೂ ನಿಲ್ಲದ ಪುಣ್ಯ. ದೊಡ್ಡ ಮನಸ್ಸಿನ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಿದ್ದನ್ನು ಒಮ್ಮೆ ನೋಡಿ. ನೀರು ನುಗ್ಗಬಾರದೆಂದು ನೆಲವನ್ನು ಎರಡು ಮೂರು ಮೆಟ್ಟಿಲು ಎತ್ತರಿಸಿರುತ್ತಾರೆ. ಮೆಟ್ಟಿಲಿಗೆ ಹಿಡಿಕೆ ಇಲ್ಲ. ನೆಲಕ್ಕೆ ಹೊಳೆಯುವ ಟೈಲ್ಸ್, ಮಳೆಗಾಲದಲ್ಲಿ ಅದು ಪಾಚಿ ಕಟ್ಟಿದ ಬಂಡೆಯಂತೆ ಜಾರುತ್ತದೆ. ಮೂರೂ ಬದಿ ಗೋಡೆ ಎದ್ದಿರುವುದರಿಂದ ಒಳಗೆ ಕೂತವರಿಗೆ ಬಸ್ಸು ಕಾಣುವುದಿಲ್ಲ, ಬಸ್ಸಿನವನಿಗೆ ಒಳಗಿರುವವರು ಕಾಣುವುದಿಲ್ಲ. ಸಂಜೆ ಕತ್ತಲಾದರೆ ಹೆಣ್ಣುಮಕ್ಕಳು ಅಂಥ ಗೂಡಿನೊಳಗೆ ಕಾಲಿಡಲು ಹೆದರಿ ರಸ್ತೆಯ ಮೇಲೇ ನಿಲ್ಲುತ್ತಾರೆ. ಕೆಲವು ಕಡೆ ಬಸ್ಸು ನಿಲ್ಲುವುದೇ ಐವತ್ತು ಮೀಟರ್ ಆಚೆ. ತಂಗುದಾಣ ಒಂದು ಕಡೆ, ಜನ ಒಂದು ಕಡೆ. ಜನಪ್ರತಿನಿಧಿಗಳ ಅನುದಾನದಲ್ಲಿ ಕಟ್ಟಿದ್ದರ ಕಥೆಯೂ ಬೇರೆಯಲ್ಲ, ಅಲ್ಲಿ ಬೆಂಚಿಗಿಂತ ಹೆಸರಿನ ಬೋರ್ಡು ಉದ್ದ, ಅಷ್ಟೇ.

ಮೂರು ಮೆಟ್ಟಿಲು ಅಂದರೆ ಏನೆಂದು ಲೆಕ್ಕ ಹಾಕಿ ನೋಡೋಣ. ಗಾಲಿಕುರ್ಚಿಗೆ ಇಳಿಜಾರು ಮಾಡುವುದಾದರೆ ಒಂದಕ್ಕೆ ಹನ್ನೆರಡು ಎಂಬುದು ನಿಯಮ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಅರ್ಧ ಅಡಿಯ ಮೂರು ಮೆಟ್ಟಿಲು ಅಂದರೆ ಒಂದೂವರೆ ಅಡಿ, ಅದಕ್ಕೆ ಹದಿನೆಂಟಡಿಯ ಇಳಿಜಾರು ಬೇಕು. ರಸ್ತೆ ಬದಿಯಲ್ಲಿ ಅಷ್ಟು ಜಾಗ ಎಲ್ಲಿ? ಹಾಗಾಗಿ ಅನೇಕ ಕಡೆ ರ್ಯಾಂಪ್ ಎಂಬ ಹೆಸರಿಗೆ ಒಂದು ಕಡಿದಾದ ಜಾರುಬಂಡೆ ಮಾಡಿಟ್ಟಿರುತ್ತಾರೆ, ಅದರಲ್ಲಿ ಕುರ್ಚಿ ಹತ್ತಿಸುವುದು ಬಿಡಿ, ಗಟ್ಟಿ ಕಾಲಿನವರೂ ಬೀಳುತ್ತಾರೆ. ನೆಲವನ್ನು ರಸ್ತೆಯಿಂದ ಅರ್ಧ ಅಡಿ ಮಾತ್ರ ಎತ್ತರಿಸಿದರೆ ಆರಡಿಯ ಇಳಿಜಾರು ಸಾಕು. ನೀರಿಗೆ ಹಿಂಬದಿ ಚರಂಡಿ ಮಾಡಿ. ಆ ಅರ್ಧ ಅಡಿಯಿಂದ ಇನ್ನೊಂದು ಲಾಭವಿದೆ. ನಮ್ಮ ಬಸ್ಸುಗಳ ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿದೆ. ಕೆಸರಿನಲ್ಲಿ ನಿಂತು ಹತ್ತುವುದಕ್ಕೂ, ಅರ್ಧ ಅಡಿ ಎತ್ತರದ ಕಟ್ಟೆಯ ಮೇಲೆ ನಿಂತು ಹತ್ತುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಮಂಡಿ ನೋವಿರುವ ಉಮ್ಮಂದಿರನ್ನು ಕೇಳಿ. ಡ್ರೈವರು ಕಟ್ಟೆಗೆ ಒತ್ತಿ ನಿಲ್ಲಿಸಿದರೆ ಮಾತ್ರ ಈ ಲಾಭ, ಅದನ್ನೂ ಹೇಳಲೇಬೇಕು. ರಸ್ತೆಯ ನಡುವೆ ನಿಲ್ಲಿಸಿ ‘ಬೇಗ ಬೇಗ’ ಅಂದರೆ ಯಾವ ಕಟ್ಟೆಯೂ ಪ್ರಯೋಜನಕ್ಕಿಲ್ಲ.

ಜಾಗ ಆರಿಸುವಾಗಲೂ ಒಂದು ವಿಷಯ. ಸರ್ಕಲ್ಲಿಗೆ ಮೊದಲು ಬಸ್ಸು ನಿಂತರೆ ಇಳಿದವರು ಬಸ್ಸಿನ ಮುಂದಿನಿಂದಲೇ ದಾಟುತ್ತಾರೆ. ಬಸ್ಸನ್ನು ಹಿಂದಿಕ್ಕಿ ಬರುವವನಿಗೆ ಅವರು ಕಾಣುವುದೇ ಇಲ್ಲ. ಸರ್ಕಲ್ ದಾಟಿದ ಮೇಲೆ ನಿಲುಗಡೆ ಇದ್ದರೆ ಜನ ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಆಗ ಎದುರಿನ ವಾಹನದವನಿಗೂ ಅವರಿಗೂ ಸ್ವಲ್ಪ ಸಮಯ ಸಿಗುತ್ತದೆ. ದಾನಿಗಳು ಜಾಗ ಸಿಕ್ಕಿದಲ್ಲಿ ಕಟ್ಟಿಸುವುದಕ್ಕಿಂತ ಇದನ್ನು ಪಂಚಾಯತ್ ಮತ್ತು ಪೊಲೀಸರ ಜೊತೆ ಕೂತು ಮಾತಾಡಿ ಕಟ್ಟಿಸಿದರೆ ಖರ್ಚು ಒಂದು ಪೈಸೆ ಹೆಚ್ಚಾಗುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಮಂಗಳೂರು, ಉಡುಪಿಯ ಸುತ್ತ ಖಾಸಗಿ ಬಸ್ಸುಗಳದ್ದೇ ಕಾರುಬಾರು, ಹಾಗಾಗಿ ನಮ್ಮ ಎಷ್ಟೋ ಹೆಂಗಸರಿಗೆ ಅದರ ರುಚಿ ಅಷ್ಟಾಗಿ ಸಿಗಲಿಲ್ಲ. ನರಗುಂದದ ಕಡೆ ಹಳ್ಳಿಯ ಹೆಣ್ಣುಮಕ್ಕಳಿಗೆ ಕಾಲೇಜಿಗೂ, ಆಸ್ಪತ್ರೆಗೂ, ಸಂತೆಗೂ ವಾಯವ್ಯ ಸಾರಿಗೆಯ ಬಸ್ಸೇ ಗತಿ, ಅದು ತಪ್ಪಿದರೆ ಟಂಟಂ. ಟಿಕೆಟ್ ಬೇಡವಾದ ಮೇಲೆ ಮನೆಯಿಂದ ಹೊರಡುವವರ ಸಂಖ್ಯೆ ಹೆಚ್ಚಿತು. ನಿಲ್ಲುವ ಜಾಗ ಮಾತ್ರ ಹಿಗ್ಗಲಿಲ್ಲ. ವಿಕಲಚೇತನರದ್ದೂ ಇದೇ ಕಥೆ. ರಿಯಾಯಿತಿ ಪಾಸ್ ಕಿಸೆಯಲ್ಲಿದೆ, ಬಸ್ಸಿನ ಬಾಗಿಲಿಗೆ ಮುಟ್ಟುವ ದಾರಿ ಇಲ್ಲ. ಬಸ್ಸು ಪುಕ್ಕಟೆ ಕೊಟ್ಟ ಸರಕಾರಕ್ಕೆ ಬಸ್ಸಿನ ತನಕದ ಇನ್ನೂರು ಮೀಟರ್ ಕಾಣದಿರುವುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಕಾನೂನಿಗೆ ಬರವಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಆಯಿತು. ಬಸ್ ನಿಲ್ದಾಣ, ರಸ್ತೆ, ಸಾರ್ವಜನಿಕ ಕಟ್ಟಡ ಎಲ್ಲರಿಗೂ ಎಟುಕಬೇಕು ಎಂದು ಅದರಲ್ಲಿ ಬರೆದಿದೆ. ಆದರೆ ಅದರ ನಿಯಮಗಳು ಬರೀ ಸಲಹೆಯ ಹಾಗೆ ಇದ್ದವು. ಮಾಡಿದರೆ ಮಾಡಿದ, ಇಲ್ಲದಿದ್ದರೆ ಇಲ್ಲ. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ನಡೆಯುವುದಿಲ್ಲ, ಕಡ್ಡಾಯ ಮಾನದಂಡ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಕಂಬ, ಮರ, ಪೆಟ್ಟಿಗೆ ಎಲ್ಲ ಬಿಟ್ಟು ನಡೆಯಲು 1.8 ಮೀಟರ್, ಅಂದರೆ ಆರಡಿ, ಖಾಲಿ ಇರಬೇಕು. ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಪೇಟೆಗಳಲ್ಲಿ ಫುಟ್‌ಪಾತ್ ಅಂದರೆ ಚರಂಡಿಯ ಮೇಲಿನ ಸ್ಲ್ಯಾಬು. ಒಂದು ಸ್ಲ್ಯಾಬು ಮುರಿದರೆ ಮಳೆಗಾಲದಲ್ಲಿ ಅದು ನೀರಿನಡಿ ಅಡಗಿದ ಬಾವಿ.

ಈಗ ನಮ್ಮವರಿಗೇ ಹೇಳಬೇಕಾದ ಕಹಿ ಮಾತು. ವ್ಯಾಪಾರ ನಮ್ಮ ಸಮುದಾಯದ ಬದುಕು. ಅಂಗಡಿಯ ಮುಂದೆ ಶೀಟು ಇಳಿಸಿ, ಅದರ ಕೆಳಗೆ ಕ್ರೇಟು, ಗ್ಯಾಸ್ ಸಿಲಿಂಡರ್, ಬೋರ್ಡು ಇಟ್ಟರೆ ಹೋಗುವವರು ರಸ್ತೆಗೇ ಇಳಿಯಬೇಕಷ್ಟೆ. ಶುಕ್ರವಾರ ಜುಮುಅ ಹೊತ್ತಿಗೆ ಮಸೀದಿ ಎದುರು ಅರ್ಧ ಗಂಟೆ ಕಾರು, ಬೈಕು ಅಡ್ಡಾದಿಡ್ಡಿ ನಿಂತಿರುತ್ತವೆ. ‘ಅರ್ಧ ಗಂಟೆ ಅಲ್ವಾ’ ಅನ್ನುವವರಿದ್ದಾರೆ. ಆ ಅರ್ಧ ಗಂಟೆಯಲ್ಲಿ ಗರ್ಭಿಣಿಯೊಬ್ಬಳು ಆ ದಾರಿಯಲ್ಲಿ ಬರಬಹುದು, ಶಾಲೆ ಬಿಟ್ಟ ಮಗು ಬರಬಹುದು, ನೆರೆಯ ಬೇರೆ ಧರ್ಮದ ಮನೆಯವರು ಬರಬಹುದು. ದಾರಿಯಲ್ಲಿರುವ ತೊಡಕನ್ನು ಸರಿಸುವುದೂ ದಾನವೇ ಎಂಬ ಪ್ರವಾದಿ(ಸ) ಬೋಧನೆಯನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಕಲಿಯುತ್ತಾರೆ. ಮಸೀದಿಯ ಎದುರೇ ತೊಡಕು ನಿಲ್ಲಿಸಿದರೆ ಆ ಪಾಠಕ್ಕೆ ಎಂತ ಬೆಲೆ? ಜಮಾಅತಿನ ಇಬ್ಬರು ಯುವಕರು ನಿಂತು ವಾಹನ ಸಾಲಾಗಿ ನಿಲ್ಲಿಸಿ, ಒಂದು ಬದಿ ನಡೆಯುವವರಿಗೆ ಬಿಟ್ಟರೆ ಸಾಕು. ಮದುವೆ ಹಾಲ್‌ಗಳಿಗೂ ಇದೇ ಮಾತು ಅನ್ವಯ, ಅಲ್ಲಿಯದು ಅರ್ಧ ಗಂಟೆಯದ್ದೂ ಅಲ್ಲ, ಇಡೀ ಮಧ್ಯಾಹ್ನದ್ದು.

ಆದರೆ ಫುಟ್‌ಪಾತ್ ತೆರವು ಎಂದ ಕೂಡಲೇ ಜೆಸಿಬಿ ಮೊದಲು ಹೋಗುವುದು ಹಣ್ಣಿನ ಗಾಡಿಯ ಕಡೆಗೆ, ಮೀನು ಬುಟ್ಟಿಯ ಕಡೆಗೆ. ಅದನ್ನು ನಾವು ಒಪ್ಪುವುದಿಲ್ಲ. ಬೀದಿ ವ್ಯಾಪಾರಿಗಳಿಗೂ 2014ರ ಕಾಯ್ದೆ ಇದೆ. ಸಮೀಕ್ಷೆ ಮಾಡಿ, ಗುರುತಿನ ಚೀಟಿ ಕೊಟ್ಟು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರನ್ನೂ ಕೂರಿಸಿ ಜಾಗ ಗುರುತಿಸಬೇಕು ಎನ್ನುತ್ತದೆ ಅದು. ನಾಲ್ಕಡಿಯ ಗಾಡಿಯನ್ನು ಎತ್ತಿ ಲಾರಿಗೆ ಹಾಕುವವರು, ಅದರ ಪಕ್ಕದಲ್ಲೇ ಫುಟ್‌ಪಾತ್ ಹತ್ತಿ ನಿಂತ ಹದಿನಾಲ್ಕಡಿಯ ಕಾರಿಗೆ ಒಂದು ಚೀಟಿಯನ್ನೂ ಅಂಟಿಸದೆ ಹೋಗುವುದನ್ನು ನೋಡಿದ್ದೇವೆ. ಗಾಡಿಯವನಿಗೆ ಗೆರೆ ಎಳೆದು ಕೊಟ್ಟರೆ ಅವನು ಗೆರೆಯೊಳಗೆ ನಿಲ್ಲುತ್ತಾನೆ. ಬಸ್ ನಿಲ್ದಾಣದ ಹತ್ತಿರ ರಾತ್ರಿ ಅವನ ಗಾಡಿಯ ಬಲ್ಬು ಉರಿಯುತ್ತಿದ್ದರೆ ಹೆಣ್ಣುಮಕ್ಕಳಿಗೆ ಧೈರ್ಯ ಎಂಬುದನ್ನೂ ಮರೆಯಬಾರದು.

ಹಾಗಾದರೆ ಯಾರನ್ನು ಕೇಳುವುದು? ಇಲ್ಲೇ ಎಲ್ಲರೂ ಸೋಲುವುದು. ರಸ್ತೆ ಯಾರದು ಎಂದು ಮೊದಲು ತಿಳಿಯಬೇಕು. ರಾಷ್ಟ್ರೀಯ ಹೆದ್ದಾರಿಯದು ಒಂದು ಕಚೇರಿ, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು, ಊರೊಳಗಿನದು ಪಂಚಾಯತಿಯದು ಅಥವಾ ಪುರಸಭೆಯದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಹಿಂದಿರುಗಿ ಬರುತ್ತದೆ, ಅಷ್ಟರಲ್ಲಿ ಒಂದು ಮಳೆಗಾಲ ಹೋಗಿರುತ್ತದೆ. ಹೆದ್ದಾರಿಯ ತುರ್ತಿಗೆ 1033 ಎಂಬ ಸಂಖ್ಯೆ ಇದೆ. ಗ್ರಾಮ ಪಂಚಾಯತಿಯಲ್ಲಿ ವಿಕಲಚೇತನರಿಗೆಂದೇ ಶೇ. 5ರಷ್ಟು ಹಣ ಮೀಸಲಿಡಬೇಕು. ಹೆಚ್ಚಿನ ಕಡೆ ಅದು ಯಾವುದೋ ಸಾಮಗ್ರಿ ಹಂಚಿ, ಫೋಟೋ ತೆಗೆಸಿ ಮುಗಿಯುತ್ತದೆ. ಸಾಮಗ್ರಿ ಬೇಡ ಎನ್ನುವುದಿಲ್ಲ. ಆದರೆ ಗಾಲಿಕುರ್ಚಿ ಕೊಟ್ಟ ಪಂಚಾಯತ್, ಅದು ಉರುಳುವ ದಾರಿಯನ್ನೂ ಕೊಡಬೇಕಲ್ಲವೇ? ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನರ ಬಾಯಲ್ಲಿ ವಿಆರ್‌ಡಬ್ಲ್ಯು, ಇದ್ದಾರೆ. ಹೆಚ್ಚಿನವರು ಸ್ವತಃ ವಿಕಲಚೇತನರು. ತಂಗುದಾಣ ಕಟ್ಟಿಸುವ ದಾನಿಗಳು ಎಂಜಿನಿಯರಿಗಿಂತ ಮೊದಲು ಅವರನ್ನು ಕರೆದು ಜಾಗ ತೋರಿಸಲಿ.

ಚಿಕ್ಕನರಗುಂದದವರಿಗೂ ಉಳ್ಳಾಲದ ಆಚೆಯ ಹಳ್ಳಿಯವರಿಗೂ ಗ್ರಾಮಸಭೆ ಒಂದೇ ಕಾನೂನಿನದು. ಅಲ್ಲಿ ಗರಸು ಕೇಳಬೇಕು, ಇಲ್ಲಿ ಸ್ಲ್ಯಾಬು ಕೇಳಬೇಕು. ನಮ್ಮ ಮನೆಗಳ ಹೆಂಗಸರು ಗ್ರಾಮಸಭೆಗೆ ಹೋಗುವುದು ಕಡಿಮೆ. ಹೋದರೂ ಹಿಂದಿನ ಸಾಲು. ಮಹಿಳೆಯರಿಗೆಂದೇ ವಿಶೇಷ ಸಭೆ ಕರೆಯುತ್ತಾರೆ, ಅದರ ನೋಟಿಸು ಪಂಚಾಯತಿಯ ಗೋಡೆಯಲ್ಲಿರುತ್ತದೆ. ಮದ್ರಸಕ್ಕೆ ಮಕ್ಕಳನ್ನು ಬಿಡುವವರು ಅವರು, ಬಸ್ಸಿಗೆ ಕಾಯುವವರು ಅವರು, ಹಾಸಿಗೆ ಹಿಡಿದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರೂ ಅವರೇ. ಯಾವ ಸ್ಲ್ಯಾಬು ಅಲುಗಾಡುತ್ತದೆ, ಯಾವ ಕಂಬದ ಲೈಟು ಉರಿಯುತ್ತಿಲ್ಲ, ಯಾವ ಬಸ್ಸು ಎಲ್ಲಿ ನಿಲ್ಲಿಸದೆ ಓಡುತ್ತದೆ ಎಂಬ ಪಟ್ಟಿ ಅವರ ತಲೆಯಲ್ಲಿ ಸಿದ್ಧ ಇದೆ. ಅದನ್ನು ಒಂದು ಹಾಳೆಯಲ್ಲಿ ಬರೆದು, ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಎದ್ದು ಬರಬಾರದು. ದಾಖಲಾದ ಪುಟದ ನಕಲು ಪ್ರತಿ ಕೇಳಿ ತೆಗೆದಿಟ್ಟುಕೊಳ್ಳಿ, ಮುಂದಿನ ಸಭೆಗೆ ಅದನ್ನೇ ಹಿಡಿದುಕೊಂಡು ಹೋಗಬಹುದು.